ವಿಶ್ವವಿದ್ಯಾಲಯದ ಹೆಬ್ಬಾಗಿಲಿಗೆ ಹೊಸ ಬೀಗ

ವಿಶ್ವವಿದ್ಯಾಲಯದ ಹೆಬ್ಬಾಗಿಲು ಈಗ ಕಲ್ಲುಕಟ್ಟಡದಲ್ಲಿಲ್ಲ. ಪ್ರವೇಶಕ್ಕೆ ಅರ್ಜಿ ಹಾಕುವುದು, ಶುಲ್ಕ ಕಟ್ಟುವುದು, ಪರೀಕ್ಷೆಯ ವೇಳಾಪಟ್ಟಿ ನೋಡುವುದು, ಹಾಲ್‌ಟಿಕೆಟ್ ಪಡೆಯುವುದು, ಫಲಿತಾಂಶ ತಿಳಿಯುವುದು, ಮರುಮೌಲ್ಯಮಾಪನ ಕೇಳುವುದು, ಹಾಸ್ಟೆಲಿಗೂ ವಿದ್ಯಾರ್ಥಿವೇತನಕ್ಕೂ ಮೊರೆಯಿಡುವುದು, ಕಟ್ಟಕಡೆಗೆ ಪದವಿಯ ಪ್ರಮಾಣಪತ್ರ ತರಿಸಿಕೊಳ್ಳುವುದು, ಇವೆಲ್ಲಕ್ಕೂ ಬಹುಮಟ್ಟಿಗೆ ಉಳಿದಿರುವುದು ಒಂದೇ ದಾರಿ: ಜಾಲತಾಣ. ಕೌಂಟರಿನ ಹಿಂದೆ ಕುಳಿತಿದ್ದ ಗುಮಾಸ್ತ ಎದ್ದುಹೋಗಿ ವರ್ಷಗಳಾದುವು. ಅವನು ಸಿಡುಕನಾಗಿದ್ದನು, ನಿಜ. ಊಟದ ಹೊತ್ತಿಗೆ ಅರ್ಧ ಗಂಟೆ ಮುಂಚೆಯೇ ಕಿಟಕಿ ಮುಚ್ಚುತ್ತಿದ್ದನು, ಅದೂ ನಿಜ. ಆದರೆ ಅವನೊಡನೆ ಕನ್ನಡದಲ್ಲಿ ಜಗಳವಾಡಬಹುದಾಗಿತ್ತು. ಕಣ್ಣು ಕಾಣದವರು ಬಂದರೆ ಅರ್ಜಿಯನ್ನು ಓದಿ ಹೇಳುವ ಜವಾನನೊಬ್ಬನಾದರೂ ಅಲ್ಲಿ ಇರುತ್ತಿದ್ದನು. ಈಗಿನ ಗುಮಾಸ್ತ ಒಂದು ಗಾಜಿನ ಹಲಗೆ. ಅದಕ್ಕೆ ಕನ್ನಡ ಅರೆಬರೆ ಬರುತ್ತದೆ. ಮರುಮಾತು ಕೇಳಿಸಿಕೊಳ್ಳುವ ಕಿವಿಯಂತೂ ಇಲ್ಲವೇ ಇಲ್ಲ.

ಬಾಗಿಲು ಬದಲಾಯಿಸಿದ್ದಕ್ಕೆ ನಮ್ಮ ತಕರಾರಿಲ್ಲ. ಒಂದು ಮೊಹರು ಹಾಕಿಸಿಕೊಳ್ಳುವುದಕ್ಕಾಗಿ ಮಲೆನಾಡಿನ ಮೂಲೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಕಳೆದುಕೊಂಡು, ಸಾಯಂಕಾಲ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ಕಾಲವೇ ಚೆನ್ನಾಗಿತ್ತೆಂದು ಸಮಾಜವಾದಿಯಾದವನು ಹೇಳಲಾರ. ಯಂತ್ರ ಬಡವನ ದಾರಿಯನ್ನು ಹತ್ತಿರ ಮಾಡುವುದಾದರೆ ಯಂತ್ರಕ್ಕೆ ಸ್ವಾಗತ. ಹೊಸ ಬಾಗಿಲಿನ ಕೀಲಿ ಯಾರ ಕೈಗೆ ಹೋಗಿದೆ, ಬಾಗಿಲನ್ನು ಯಾರ ಎತ್ತರಕ್ಕೆ ಅಳೆದು ಕೂರಿಸಿದ್ದಾರೆ ಎಂಬುದೇ ನಮ್ಮ ಪ್ರಶ್ನೆ.

ಬಹುಪಾಲು ವಿಶ್ವವಿದ್ಯಾಲಯಗಳ ಜಾಲತಾಣದ ಮುಖಪುಟವನ್ನು ತೆರೆದು ನೋಡಿರಿ. ಮೊದಲು ದರ್ಶನ ಕೊಡುವವರು ರಾಜ್ಯಪಾಲರು, ಅನಂತರ ಉನ್ನತ ಶಿಕ್ಷಣ ಮಂತ್ರಿಗಳು, ಅವರ ಪಕ್ಕದಲ್ಲಿ ಕುಲಪತಿಗಳು. ಆಮೇಲೆ ಒಂದರ ಮೇಲೊಂದು ಜಾರಿಬರುವ ಚಿತ್ರಗಳು: ದೀಪ ಬೆಳಗಿಸುವುದು, ಶಾಲು ಹೊದಿಸುವುದು, ಫಲಕದ ಪರದೆ ಸರಿಸುವುದು. ಅದರ ಕೆಳಗೆ ಸಂಸ್ಥೆಯ ದೂರದೃಷ್ಟಿ, ಧ್ಯೇಯ, ಕುಲಪತಿಗಳ ಸಂದೇಶ. ಪಕ್ಕದಲ್ಲಿ ಮೇಲಕ್ಕೆ ಓಡುತ್ತಲೇ ಇರುವ ಪ್ರಕಟಣೆಗಳ ಸಾಲು, ಪ್ರತಿಯೊಂದರ ತುದಿಗೂ ಮಿಣಮಿಣ ಮಿನುಗುವ ‘ಹೊಸತು’ ಎಂಬ ಕೆಂಪು ಚೀಟಿ. ಅವುಗಳಲ್ಲಿ ಎರಡು ವರ್ಷದ ಹಿಂದಿನವೂ ಇನ್ನೂ ಹೊಸತಾಗಿಯೇ ಮಿನುಗುತ್ತಿರುವುದುಂಟು. ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನ ಯಾವುದು? ಹುಡುಕಿರಿ. ಫಲಿತಾಂಶದಲ್ಲಿ ತಪ್ಪಾದರೆ ಯಾರಿಗೆ ಬರೆಯಬೇಕು? ಹುಡುಕಿರಿ. ಹುಡುಕಲು ಕೊಟ್ಟಿರುವ ಪೆಟ್ಟಿಗೆಯಲ್ಲಿ ಕನ್ನಡದ ಪದ ಹಾಕಿದರೆ ಏನೂ ಸಿಕ್ಕಲಿಲ್ಲವೆಂಬ ಉತ್ತರ ಬಂದೀತು. ಹೊಳೆಯುವ ಚಿತ್ರವನ್ನು ಯಾರಿಗಾಗಿ ತೂಗುಹಾಕಿದ್ದಾರೆಂದು ಕೇಳಿದರೆ, ಮೌಲ್ಯಾಂಕನಕ್ಕೆ ಬರುವ ನ್ಯಾಕ್ ತಂಡಕ್ಕಾಗಿ ಎಂದು ಒಳಗಿನವರೇ ನಗುತ್ತ ಹೇಳುತ್ತಾರೆ. ತಂಡ ಬಂದುಹೋಗುವುದು ಕೆಲವು ವರ್ಷಗಳಿಗೊಮ್ಮೆ. ವಿದ್ಯಾರ್ಥಿ ಬರುವುದು ದಿನಬೆಳಗಾದರೆ.

ಈ ರೋಗ ನಮ್ಮೊಬ್ಬರದೇ ಅಲ್ಲವೆಂಬುದನ್ನೂ ಹೇಳಿಬಿಡಬೇಕು. ರ‍್ಯಾಂಡಲ್ ಮನ್ರೋ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರ ೨೦೧೦ರಲ್ಲಿಯೇ ಎರಡು ವೃತ್ತಗಳ ಒಂದು ಚಿತ್ರ ಬರೆದ. ಒಂದು ವೃತ್ತದಲ್ಲಿ ವಿಶ್ವವಿದ್ಯಾಲಯದ ಮುಖಪುಟದಲ್ಲಿ ಇರುವ ವಸ್ತುಗಳು. ಇನ್ನೊಂದರಲ್ಲಿ ಜನ ಅಲ್ಲಿಗೆ ಹುಡುಕಿಕೊಂಡು ಬರುವ ವಸ್ತುಗಳು. ಎರಡಕ್ಕೂ ಸಮಾನವಾಗಿ ಸಿಕ್ಕಿದ್ದು ಒಂದೇ ಒಂದು: ಸಂಸ್ಥೆಯ ಪೂರ್ಣ ಹೆಸರು. ಚಿತ್ರಕ್ಕೆ ವಯಸ್ಸಾದರೂ ಮಾತು ಹಳೆಯದಾಗಿಲ್ಲ. ಅಮೆರಿಕದ ವಿದ್ಯಾರ್ಥಿಗೆ ಅದು ನಗೆಯ ವಿಷಯ. ಅವನು ಬೇರೆ ದಾರಿ ಹುಡುಕಿಕೊಂಡಾನು. ನಮ್ಮ ವಿದ್ಯಾರ್ಥಿನಿಗೆ ಒಂದು ಸೆಮಿಸ್ಟರು ಹೋಗುತ್ತದೆ.

ಈಕೆ ಯಾರೆಂಬುದನ್ನು ಕುಲಪತಿಗಳು ಅರಿತಿದ್ದರೆ ಹೀಗಾಗುತ್ತಿರಲಿಲ್ಲ. ಮನೆಯಲ್ಲಿ ಗಣಕಯಂತ್ರವಿಲ್ಲ. ಇರುವುದೊಂದು ಮೊಬೈಲು, ಅದೂ ಅಣ್ಣನದು. ಅವನು ಗದ್ದೆಯಿಂದ ಬಂದಮೇಲೆ ಕೈಗೆ ಸಿಕ್ಕುತ್ತದೆ. ಊರಿನಲ್ಲಿ ಸಂಕೇತ ಸಿಕ್ಕುವುದು ಗುಡ್ಡದ ನೆತ್ತಿಯಲ್ಲೋ ಶಾಲೆಯ ಜಗಲಿಯಲ್ಲೋ. ವಿಶ್ವವಿದ್ಯಾಲಯದ ಪುಟವನ್ನು ದೊಡ್ಡ ಪರದೆಗೆಂದು ಹೆಣೆದಿದ್ದಾರೆ; ಮೊಬೈಲಿನಲ್ಲಿ ಅಕ್ಷರ ಇರುವೆಯಷ್ಟಾಗಿ ಕಾಣುತ್ತದೆ. ಘಟಿಕೋತ್ಸವದ ದೊಡ್ಡ ದೊಡ್ಡ ಚಿತ್ರಗಳು ಇಳಿದು ಮುಗಿಯುವ ಹೊತ್ತಿಗೆ ಆ ದಿನದ ಡೇಟಾದಲ್ಲಿ ಒಂದು ಪಾಲು ಖರ್ಚಾಗಿದೆ. ಅರ್ಜಿ ಅರ್ಧ ತುಂಬುವಷ್ಟರಲ್ಲಿ ‘ಅವಧಿ ಮುಗಿಯಿತು, ಮತ್ತೆ ಮೊದಲಿನಿಂದ ಪ್ರಾರಂಭಿಸಿ’ ಎಂಬ ಅಪ್ಪಣೆ ಇಂಗ್ಲೀಷಿನಲ್ಲಿ ಬರುತ್ತದೆ. ಹುಡುಗಿ ಏನು ಮಾಡಬೇಕು? ಬೆಳಿಗ್ಗೆ ಬಸ್ಸು ಹತ್ತಿ ತಾಲ್ಲೂಕು ಕೇಂದ್ರದ ಸೈಬರ್ ಅಂಗಡಿಗೆ ಹೋಗಬೇಕು. ಅಂಗಡಿಯವನು ಅರ್ಜಿ ತುಂಬಿಕೊಡುತ್ತಾನೆ, ತನ್ನ ದರ ತೆಗೆದುಕೊಳ್ಳುತ್ತಾನೆ. ಎಷ್ಟೋ ಸಲ ಅವಳ ಗುಪ್ತಪದವನ್ನೂ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ, ‘ನೀನು ಮರೆತುಬಿಟ್ಟೀಯೆ, ತಂಗಿ’ ಎಂದು.

ನಾವು ಆ ಅಂಗಡಿಯವನನ್ನು ದೂರುತ್ತಿಲ್ಲ. ಅವನೂ ಓದಿ ಕೆಲಸ ಸಿಕ್ಕದೆ ಅಂಗಡಿ ಇಟ್ಟವನೇ. ಆದರೆ ಹಳಬರಿಗೆ ನೆನಪಿದ್ದೀತು: ಹಳ್ಳಿಯ ಲೆಕ್ಕವನ್ನು ರೈತನಿಗೆ ಅರ್ಥವಾಗದಂತೆ ಬರೆದಿಟ್ಟ ಕಾಲದಲ್ಲಿ, ಅರ್ಥ ಹೇಳುವ ಶಾನುಭೋಗನೇ ಊರಿನ ದೊರೆಯಾಗಿದ್ದನು. ೧೯೬೧ರ ಶಾಸನದಿಂದ ಹಳ್ಳಿಯ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಮಾಡಿದೆವು. ಈಗ ವಿಶ್ವವಿದ್ಯಾಲಯಗಳು ತಮ್ಮ ದಡ್ಡತನದಿಂದ ಹೊಸ ಶಾನುಭೋಗಿಕೆಯೊಂದನ್ನು ತಾಲ್ಲೂಕು ತಾಲ್ಲೂಕಿನಲ್ಲಿಯೂ ಸ್ಥಾಪಿಸಿವೆ. ಸರಿಯಾಗಿ ಕಟ್ಟಿದ ಜಾಲತಾಣದಲ್ಲಿ ತನ್ನ ಅರ್ಜಿಯನ್ನು ತಾನೇ ತುಂಬಬಲ್ಲ ಹುಡುಗಿ, ಕೆಟ್ಟದಾಗಿ ಕಟ್ಟಿದ್ದರಿಂದ ದಲ್ಲಾಳಿಗೆ ಕಾಣಿಕೆ ಕೊಡಬೇಕಾಗಿದೆ. ಶುಲ್ಕದ ಪಟ್ಟಿಯಲ್ಲಿ ಕಾಣದ ಈ ಶುಲ್ಕವನ್ನು ಯಾವ ಸಿಂಡಿಕೇಟು ಮಂಜೂರು ಮಾಡಿತು?

ಇದಿಷ್ಟು ಕಣ್ಣು ಕಾಣುವವರ ಪಾಡು. ಕಣ್ಣು ಕಾಣದ ವಿದ್ಯಾರ್ಥಿಯ ಪಾಡನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಅಂಧರು ಗಣಕಯಂತ್ರವನ್ನು ಬಳಸುವುದು ಹೇಗೆಂಬುದೇ ನಮ್ಮ ಆಡಳಿತಗಾರರಿಗೆ ಗೊತ್ತಿದ್ದಂತಿಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಉಂಟು. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು ೨೦೦೬ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಪ್ರಾರಂಭಿಸಿದರು, ಜೇಮ್ಸ್ ಟೆಹ್ ಜೊತೆಗೂಡಿದರು, ಇಬ್ಬರೂ ಅಂಧರು. ದುಬಾರಿ ಬೆಲೆಯ ಸರಕನ್ನು ಕೊಳ್ಳಲಾರದ ಅಂಧರಿಗೆಂದು ಅದನ್ನು ಉಚಿತವಾಗಿ ಹಂಚಿದರು. ಅದು ಕನ್ನಡವನ್ನೂ ಓದುತ್ತದೆ. ಸಾಧಾರಣ ಮೊಬೈಲಿನಲ್ಲಿಯೂ ಇಂಥ ಓದುಗ ಇದ್ದೇ ಇರುತ್ತದೆ. ಹೀಗೆ ಪ್ರಪಂಚದ ಯಾವುದೋ ಮೂಲೆಯ ಇಬ್ಬರು ಅಂಧ ತರುಣರು ತಮ್ಮ ಪಾಲಿನ ಕೆಲಸ ಮಾಡಿ ಮುಗಿಸಿದ್ದಾರೆ. ಉಳಿದದ್ದು ವಿಶ್ವವಿದ್ಯಾಲಯದ ಪಾಲು: ಓದಿಸಿಕೊಳ್ಳುವಂಥದನ್ನು ಪುಟದಲ್ಲಿ ಇಡುವುದು.

ಅದೇನು ಇಡುತ್ತದೆ? ಕುಲಸಚಿವರ ಕಚೇರಿಯಲ್ಲಿ ಸುತ್ತೋಲೆಯೊಂದನ್ನು ಗಣಕಯಂತ್ರದಲ್ಲಿಯೇ ಬೆರಳಚ್ಚು ಮಾಡುತ್ತಾರೆ. ಆ ಘಟ್ಟದಲ್ಲಿ ಅದು ಅಕ್ಷರ. ಯಂತ್ರ ಅದನ್ನು ಓದಬಲ್ಲದು. ಅನಂತರ ಅದನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಸೊಟ್ಟಗೆ ಹಿಡಿದು ಫೋಟೋ ತೆಗೆದು, ಆ ಫೋಟೋವನ್ನು ಜಾಲತಾಣಕ್ಕೆ ಏರಿಸುತ್ತಾರೆ. ಈಗ ಅದು ಅಕ್ಷರವಲ್ಲ, ಚಿತ್ರ. ಓದುವ ತಂತ್ರಾಂಶ ಅದರ ಮುಂದೆ ಬಂದು ಮೂಕವಾಗಿ ನಿಲ್ಲುತ್ತದೆ. ಅಕ್ಷರವಾಗಿ ಹುಟ್ಟಿದ್ದನ್ನು ಕಷ್ಟಪಟ್ಟು, ಖರ್ಚುಮಾಡಿ, ಮೂರು ಜನ ನೌಕರರ ಸಮಯ ಕಳೆದು ಅಕ್ಷರವಲ್ಲದಂತೆ ಮಾಡುವ ಈ ವಿದ್ಯೆಗೆ ಯಾವ ವಿಭಾಗದಲ್ಲಿ ಪಾಠ ಹೇಳಿಕೊಡುತ್ತಾರೋ ತಿಳಿಯದು.

ಕನ್ನಡದ ಕಥೆ ಇನ್ನೊಂದು ಬಗೆ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು ೧೯೯೧ರಲ್ಲಿ, ಅದರ ಮೊದಲನೆಯ ಆವೃತ್ತಿಯಲ್ಲಿಯೇ. ಆದರೆ ಕಚೇರಿಗಳಲ್ಲಿ ಇನ್ನೂ ಹಳೆಯ ಪದ್ಧತಿಯ ಅಕ್ಷರಮಾದರಿಗಳಲ್ಲಿ ಬೆರಳಚ್ಚು ಮಾಡುವ ರೂಢಿ ಬಿಟ್ಟಿಲ್ಲ. ಹಳೆಯ ಮಾದರಿಯಲ್ಲಿ ಬರೆದದ್ದು ಕಣ್ಣಿಗೆ ಮಾತ್ರ ಕನ್ನಡ. ಯಂತ್ರದ ಹೊಟ್ಟೆಯೊಳಗೆ ಅದು ರೋಮನ್ ಲಿಪಿಯ ಚಿಲ್ಲರೆ ಚಿಹ್ನೆಗಳ ರಾಶಿ. ಅಂಧ ವಿದ್ಯಾರ್ಥಿಯ ಯಂತ್ರ ಅದನ್ನು ಓದಲು ಹೊರಟರೆ ಭೂತ ಮೆಟ್ಟಿದವರ ಬಡಬಡಿಕೆ ಕೇಳಿಬರುತ್ತದೆ. ಹುಡುಕಿದರೆ ಸಿಕ್ಕುವುದಿಲ್ಲ, ಮೊಬೈಲಿಗೆ ಇಳಿಸಿಕೊಂಡರೆ ಕಣ್ಣಿರುವವರಿಗೂ ಕಾಣುವುದಿಲ್ಲ. ‘ನುಡಿ’ ತಂತ್ರಾಂಶದಲ್ಲಿಯೇ ಯೂನಿಕೋಡಿನ ಸೌಕರ್ಯ ಬಂದು ವರ್ಷಗಳಾದುವು. ಗುತ್ತಿಗೆಯ ಮೇಲಿರುವ ಬೆರಳಚ್ಚುಗಾರನಿಗೆ ಅದನ್ನು ಹೇಳಿಕೊಟ್ಟವರಿಲ್ಲ, ಹೇಳಿಕೊಡಬೇಕೆಂದು ಮೇಲಿನವರಿಗೆ ತೋರಲಿಲ್ಲ. ಇನ್ನು ಪುಟವನ್ನು ಹೆಣೆದ ಗುತ್ತಿಗೆದಾರ ‘ಈ ಪುಟದ ಭಾಷೆ ಇಂಗ್ಲೀಷು’ ಎಂಬ ಗುರುತನ್ನು ಮೇಲ್ಗಡೆ ಹಾಗೆಯೇ ಬಿಟ್ಟಿರುತ್ತಾನೆ. ಅಷ್ಟರಿಂದಲೇ ಅಪ್ಪಟ ಕನ್ನಡ ಪುಟವನ್ನೂ ಯಂತ್ರ ಇಂಗ್ಲೀಷಿನ ಗಂಟಲಲ್ಲಿ ಓದಲು ಹೋಗಿ ತಡವರಿಸಬಹುದು. ಆ ಗುರುತನ್ನು ಬದಲಾಯಿಸಲು ಬೇಕಾದದ್ದು ಎರಡು ಅಕ್ಷರ.

ಹೇಳುತ್ತಾ ಹೋದರೆ ಇದು ಮುಗಿಯುವ ಪಟ್ಟಿಯಲ್ಲ. ಓದುವ ತಂತ್ರಾಂಶವನ್ನು ಬಳಸುವವರು ಪುಟವನ್ನೆಲ್ಲ ಮೊದಲಿನಿಂದ ಕೇಳುತ್ತಾ ಕೂರುವುದಿಲ್ಲ. ಶಿರೋನಾಮೆಯಿಂದ ಶಿರೋನಾಮೆಗೆ, ಕೊಂಡಿಯಿಂದ ಕೊಂಡಿಗೆ ಹಾರುತ್ತಾರೆ. ಪುಟದಲ್ಲಿ ಶಿರೋನಾಮೆಗಳೇ ಇಲ್ಲದೆ ಬರಿದೆ ದಪ್ಪ ಅಕ್ಷರ ಇಟ್ಟಿದ್ದರೆ ಹಾರಲು ಮೆಟ್ಟಿಲಿಲ್ಲ. ನಲವತ್ತು ಕೊಂಡಿಗಳಿಗೂ ‘ಇಲ್ಲಿ ಒತ್ತಿ’ ಎಂದೇ ಹೆಸರಿಟ್ಟಿದ್ದರೆ ಅವರಿಗೆ ಕೇಳಿಸುವುದು: ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ. ಅರ್ಜಿಯ ಖಾನೆಗಳಿಗೆ ಹೆಸರು ಅಂಟಿಸದಿದ್ದರೆ ಯಾವುದರಲ್ಲಿ ತಂದೆಯ ಹೆಸರು, ಯಾವುದರಲ್ಲಿ ನೋಂದಣಿ ಸಂಖ್ಯೆ ಎಂದು ತಿಳಿಯುವುದಿಲ್ಲ. ಕೈ ನಡುಗುವವರು ಮೌಸು ಹಿಡಿಯಲಾರರು, ಕೀಲಿಮಣೆಯೊಂದರಿಂದಲೇ ಎಲ್ಲವೂ ನಡೆಯಬೇಕು, ನಡೆಯುವುದಿಲ್ಲ. ಕಿವಿ ಕೇಳದವರಿಗೆ ಉಪನ್ಯಾಸದ ವಿಡಿಯೋ ಉಂಟು, ಅದರ ಕೆಳಗೆ ಬರಹವಿಲ್ಲ. ಬಣ್ಣಗುರುಡು ಇರುವವರಿಗೆ ‘ಕೆಂಪು ಖಾನೆಗಳನ್ನು ತಪ್ಪದೆ ತುಂಬಿರಿ’ ಎಂಬ ಉಪದೇಶ. ಇಷ್ಟೆಲ್ಲ ದಾಟಿ ಬಂದವರಿಗೆ ಕಡೆಯ ಬಾಗಿಲಲ್ಲಿ ನೀವು ಮನುಷ್ಯರೇ ಎಂಬ ಪರೀಕ್ಷೆ: ತಿರುಚಿದ ಅಕ್ಷರಗಳ ಚಿತ್ರ ನೋಡಿ ಬರೆಯಬೇಕು. ಕ್ಯಾಪ್ಚಾ ಎಂಬ ಈ ಹೆಸರು ಹುಟ್ಟಿದ್ದು ಕಾರ್ನೆಗಿ ಮೆಲನ್ ಎಂಬ ಅಮೆರಿಕದ ವಿಶ್ವವಿದ್ಯಾಲಯದಲ್ಲಿ. ಕಣ್ಣು ಕಾಣದವರು ಅದರಲ್ಲಿ ನಾಪಾಸು; ಯಂತ್ರದ ಲೆಕ್ಕದಲ್ಲಿ ಅವರು ಮನುಷ್ಯರಲ್ಲ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ ೨೦೧೬ರದು. ಜಾರಿಗೆ ಬಂದದ್ದು ೨೦೧೭ರ ಏಪ್ರಿಲಿನಲ್ಲಿ. ೪೨ನೆಯ ಕಲಮು ವಿದ್ಯುನ್ಮಾನ ಮಾಧ್ಯಮದಲ್ಲಿರುವುದೆಲ್ಲವೂ ಎಲ್ಲರಿಗೂ ನಿಲುಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆನ್ನುತ್ತದೆ. ೪೬ನೆಯ ಕಲಮು ನಿಯಮಗಳು ಪ್ರಕಟವಾದ ಎರಡು ವರ್ಷಗಳೊಳಗೆ ಸೇವೆಗಳನ್ನು ಸರಿಪಡಿಸಬೇಕೆನ್ನುತ್ತದೆ. ನಿಯಮಗಳು ಪ್ರಕಟವಾದದ್ದು ೨೦೧೭ರ ಜೂನಿನಲ್ಲಿ. ಗಡುವು ಮುಗಿದದ್ದು ೨೦೧೯ರ ಜೂನಿಗೆ. ಅದೇ ನಿಯಮಗಳ ೧೫ನೆಯದು ಜಾಲತಾಣಗಳು ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಗೆ ಅನುಗುಣವಾಗಿರಬೇಕೆಂದು ಹೇಳಿತು. ಆ ಮಾರ್ಗಸೂಚಿಯಾದರೂ ಮೊದಲು ಹೊರಟದ್ದು ೨೦೦೯ರಲ್ಲಿ, ೨೦೧೮ರಲ್ಲಿ ಎರಡನೆಯದು, ೨೦೨೩ರಲ್ಲಿ ಮೂರನೆಯದು. ಇವಕ್ಕೆಲ್ಲ ಮೂಲವಾದ ಅಂತರರಾಷ್ಟ್ರೀಯ ಸೂತ್ರಗಳು ೨೦೦೮ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. ಅಕ್ಷರಕ್ಕೂ ಹಿನ್ನೆಲೆಗೂ ನಾಲ್ಕೂವರೆಗೆ ಒಂದರಷ್ಟು ಹೊಳಪಿನ ಅಂತರ ಇರಬೇಕು, ಐದು ಸೆಕೆಂಡಿಗಿಂತ ಹೆಚ್ಚು ಕಾಲ ತಾನಾಗಿ ಓಡುವ ಬರಹವನ್ನು ಓದುಗ ನಿಲ್ಲಿಸುವಂತಿರಬೇಕು ಎಂಬಷ್ಟು ಸ್ಪಷ್ಟವಾಗಿ ಅಲ್ಲಿ ಬರೆದಿದೆ. ಓಡುವ ಪ್ರಕಟಣೆಯ ಸಾಲನ್ನು ನಿಲ್ಲಿಸಿರೆಂದು ಇಂಗ್ಲೀಷಿನಲ್ಲಿಯೇ ಬರೆದಿದ್ದರೂ ಇಂಗ್ಲೀಷು ಬಲ್ಲ ಕುಲಸಚಿವರು ಓದಲಿಲ್ಲ.

೨೦೨೪ರ ನವೆಂಬರ್ ೮ರಂದು ಸುಪ್ರೀಂ ಕೋರ್ಟು, ರಾಜೀವ್ ರಾತೂರಿ ಎಂಬ ದೃಷ್ಟಿಹೀನರು ತಂದ ಮೊಕದ್ದಮೆಯಲ್ಲಿ, ಆ ೧೫ನೆಯ ನಿಯಮದ ಮೊದಲನೆಯ ಭಾಗವನ್ನೇ ತಾಯಿಶಾಸನಕ್ಕೆ ವಿರುದ್ಧವೆಂದು ತೆಗೆದುಹಾಕಿತು. ಕಾರಣವೇನು? ಶಾಸನ ‘ಮಾಡತಕ್ಕದ್ದು’ ಎಂದಿದೆ. ನಿಯಮದಲ್ಲಿ ‘ಮಾಡಿದರೆ ಒಳ್ಳೆಯದು’ ಎನ್ನುವ ಸಲಹೆಗಳನ್ನು ತುಂಬಿದ್ದಾರೆ. ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ಬೇರೆಯಾಗಿ ರಚಿಸಿರೆಂದು ಕೇಂದ್ರ ಸರ್ಕಾರಕ್ಕೆ ಆಜ್ಞೆಯಾಯಿತು. ೨೦೨೫ರ ಏಪ್ರಿಲ್ ೩೦ರಂದು ಅದೇ ನ್ಯಾಯಾಲಯ ಇನ್ನೊಂದು ತೀರ್ಪಿನಲ್ಲಿ ಗಣಕಜಾಲದ ಸೇವೆಗಳು ಎಲ್ಲರಿಗೂ ನಿಲುಕುವುದು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರಿಗೆ ‘ಕಣ್ಣು ಮಿಟುಕಿಸಿ ನಿಮ್ಮ ಗುರುತು ತೋರಿಸಿ’ ಎಂದು ಕೇಳಿದ ಯಂತ್ರವ್ಯವಸ್ಥೆಯ ವಿರುದ್ಧ ಆ ಮೊಕದ್ದಮೆ ಹೂಡಲಾಗಿತ್ತು. ಇದಕ್ಕಿಂತ ನಿಚ್ಚಳವಾಗಿ ಇನ್ನೇನು ಹೇಳಬೇಕು?

ಇಷ್ಟಾದ ಮೇಲೆ ಕೆಲವು ಸಂಸ್ಥೆಗಳು ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಒಂದು ನೀಲಿ ಗುಂಡಿ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಒಳಗಿನ ಫೋಟೋ ಸುತ್ತೋಲೆ ಫೋಟೋವಾಗಿಯೇ ಉಳಿಯುತ್ತದೆ, ಹೆಸರಿಲ್ಲದ ಖಾನೆ ಹೆಸರಿಲ್ಲದೆಯೇ ಇರುತ್ತದೆ. ಒಂದು ಸಾಲು ಸೇರಿಸಿದರೆ ಇಡೀ ಜಾಲತಾಣ ಅಂಗವಿಕಲರಿಗೆ ಸುಗಮವಾಗುತ್ತದೆಂದು ಪ್ರಚಾರಮಾಡಿ ಇಂಥ ಸರಕು ಮಾರುತ್ತಿದ್ದ ಆಕ್ಸೆಸಿಬಿ ಎಂಬ ಕಂಪನಿಗೆ, ಅದು ಸುಳ್ಳು ಪ್ರಚಾರವೆಂದು, ೨೦೨೫ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಹತ್ತು ಲಕ್ಷ ಡಾಲರು ತೆರಬೇಕೆಂದು ವಿಧಿಸಿತು. ಬಂಡವಾಳಶಾಹಿ ದೇಶದಲ್ಲಿಯೇ ಮೋಸವೆನಿಸಿಕೊಂಡ ಬಗೆಯ ಸರಕು ನಮ್ಮಲ್ಲಿ ಅಂಗವಿಕಲರ ಕಲ್ಯಾಣವೆನಿಸಿಕೊಳ್ಳುತ್ತಿದೆ. ಮೆಟ್ಟಿಲುಗಳೇ ಇರುವ ಕಟ್ಟಡದ ಗೋಡೆಗೆ ಇಳಿಜಾರಿನ ಚಿತ್ರ ಬರೆದಂತೆ.

ಭಾಷೆಯ ವಿಷಯದಲ್ಲಿ ಲೋಹಿಯಾ ಅವರ ಅನುಯಾಯಿಗಳಿಗೆ ಹೆಚ್ಚು ವಿವರಣೆ ಬೇಕಾಗಿಲ್ಲ. ಜನರಿಗೆ ತಿಳಿಯದ ಭಾಷೆಯಲ್ಲಿ ಆಡಳಿತ ನಡೆಸುವುದೇ ಜನರನ್ನು ದೂರವಿಡುವ ಅತಿ ಅಗ್ಗದ ಉಪಾಯವೆಂದು ಅವರು ಜೀವನಪರ್ಯಂತ ವಾದಿಸಿದರು. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿ ಮಾಡಿದ ಅಧಿನಿಯಮ ೧೯೬೩ರದು. ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ೪ನೆಯ ಕಲಮು, ಯಾರೂ ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಪ್ರಕಟಿಸಬೇಕೆನ್ನುತ್ತದೆ. ಮೈಸೂರು ವಿಶ್ವವಿದ್ಯಾಲಯ ಒಂದು ಕಾಲದಲ್ಲಿ ತನ್ನ ಅಧ್ಯಾಪಕರನ್ನು ಹಳ್ಳಿಗಳಿಗೆ ಕಳುಹಿಸಿ, ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿ, ಅವನ್ನು ಅಗ್ಗದ ಕಿರುಹೊತ್ತಿಗೆಗಳಾಗಿ ಜನರ ಕೈಗೆ ಕೊಟ್ಟಿತು. ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಉನ್ನತ ಶಿಕ್ಷಣವೂ ಕನ್ನಡದಲ್ಲಿ ನಡೆಯಬೇಕೆಂದು ಹಟ ಹಿಡಿದರು. ಅವರ ಕಾಲದಲ್ಲಿ ಜಾಲತಾಣವಿರಲಿಲ್ಲ. ಆದರೆ ವಿಶ್ವವಿದ್ಯಾಲಯ ಯಾರ ಮನೆಬಾಗಿಲಿಗೆ ಹೋಗಬೇಕೆಂಬ ಅರಿವಿತ್ತು. ಇಂದು ಮುಖಪುಟದ ಮೂಲೆಯಲ್ಲಿ ‘ಕನ್ನಡ’ ಎಂಬ ಗುಂಡಿ ಇಟ್ಟು, ಒತ್ತಿದವರಿಗೆ ಯಂತ್ರಾನುವಾದದ ಉಣಿಸು ಬಡಿಸುತ್ತಾರೆ. ಯಂತ್ರವು ಹಾಲ್‌ಟಿಕೆಟ್ಟನ್ನು ಸಭಾಂಗಣದ ಚೀಟಿ ಮಾಡಿದರೆ ಆಶ್ಚರ್ಯಪಡಬೇಕಾಗಿಲ್ಲ.

‘ನಿಮ್ಮ ಅಂಧ ವಿದ್ಯಾರ್ಥಿಗಳು ಎಷ್ಟು ಮಂದಿ? ನಾಲ್ಕು ಜನರಿಗಾಗಿ ಇಷ್ಟೆಲ್ಲವೆ?’ ಎಂದು ಕೇಳುವವರುಂಟು. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ೨.೬೮ ಕೋಟಿ ಅಂಗವಿಕಲರು. ಕರ್ನಾಟಕದಲ್ಲಿ ೧೩ ಲಕ್ಷಕ್ಕೆ ಮೇಲ್ಪಟ್ಟು. ಅದಾದರೂ ಹಳೆಯ ಲೆಕ್ಕ. ೧೯೯೫ರ ಶಾಸನದಲ್ಲಿ ಏಳು ಬಗೆಯಾಗಿದ್ದ ಅಂಗವೈಕಲ್ಯವನ್ನು ೨೦೧೬ರ ಶಾಸನ ೨೧ಕ್ಕೆ ಏರಿಸಿತು. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ ೫ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ಅವರಿಗೆ ಮೀಸಲಿಟ್ಟಿತು. ಸ್ಥಾನ ಮೀಸಲಿಟ್ಟು, ಆ ಸ್ಥಾನಕ್ಕೆ ಅರ್ಜಿ ಹಾಕುವ ಕಾಗದವನ್ನು ಅವರು ಓದಲಾಗದಂತೆ ಮಾಡಿ, ಆಮೇಲೆ ‘ನಾಲ್ಕೇ ಜನ ಬಂದಿದ್ದಾರೆ ನೋಡಿ’ ಎನ್ನುವುದು ಎಂಥ ತರ್ಕ? ಬಾವಿಕಟ್ಟೆಯಿಂದ ದೂರವಿಟ್ಟು, ಇವರಿಗೆ ನೀರಡಿಕೆಯೇ ಇಲ್ಲವೆಂದವರ ತರ್ಕವೇ ಇದು. ಅಲ್ಲದೆ, ಓಡುವ ಸಾಲು ನಿಂತರೆ, ಅಕ್ಷರ ಕಪ್ಪಗಾದರೆ, ಪುಟ ಹಗುರವಾದರೆ, ಮೊದಲು ಅನುಕೂಲವಾಗುವುದು ಗುಡ್ಡದ ನೆತ್ತಿಯಲ್ಲಿ ಮೊಬೈಲು ಹಿಡಿದು ನಿಂತ ಆ ಹುಡುಗಿಗೇ.

ಹಣವಿಲ್ಲವೆನ್ನುವವರಿಗೆ ಉತ್ತರ ಚಿಕ್ಕದು. ಸುತ್ತೋಲೆಯನ್ನು ಫೋಟೋ ತೆಗೆಯದೆ ಹಾಗೆಯೇ ಏರಿಸಲು ಖರ್ಚಿಲ್ಲ. ಚಿತ್ರಕ್ಕೆ ಒಂದು ಸಾಲು ವಿವರಣೆ ಬರೆಯಲು, ಖಾನೆಗೆ ಹೆಸರಿಡಲು, ಶಿರೋನಾಮೆಯನ್ನು ಶಿರೋನಾಮೆಯೆಂದು ಗುರುತಿಸಲು ಟೆಂಡರು ಬೇಕಿಲ್ಲ. ಉಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿರುವ ವೆಬ್‌ಏಮ್ ಎಂಬ ತಂಡ ಪ್ರತಿವರ್ಷ ಪ್ರಪಂಚದ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಪರೀಕ್ಷಿಸುತ್ತದೆ. ೨೦೨೫ರಲ್ಲಿ ಅವುಗಳಲ್ಲಿ ಶೇಕಡ ೯೪.೮ರಲ್ಲಿ ತಪ್ಪುಗಳು ಸಿಕ್ಕಿದುವು. ಐದರಲ್ಲಿ ಸುಮಾರು ನಾಲ್ಕು ಪುಟಗಳಲ್ಲಿ ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋಗುವಷ್ಟು ಮಂಕು. ಇವು ಬಡತನದ ತಪ್ಪುಗಳಲ್ಲ, ಉದಾಸೀನದ ತಪ್ಪುಗಳು.

ಬಲವಂತ ಮಾಡಿದರೆ ವಿಶ್ವವಿದ್ಯಾಲಯಗಳು ಇದ್ದುದನ್ನೂ ತೆಗೆದುಹಾಕಿಬಿಟ್ಟಾವು ಎಂಬ ಭಯ ಮಾತ್ರ ಆಧಾರವಿಲ್ಲದ್ದಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಜನರಿಗೆ ಉಚಿತವಾಗಿ ಒದಗಿಸಿದ್ದ ಉಪನ್ಯಾಸಗಳಿಗೆ ಕಿವುಡರಿಗೆ ಬೇಕಾದ ಬರಹವಿಲ್ಲವೆಂದು ದೂರು ಬಂದು, ೨೦೧೬ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಅದು ಕಾನೂನಿಗೆ ವಿರೋಧವೆಂದಿತು. ೨೦೧೭ರಲ್ಲಿ ಬರ್ಕ್ಲಿ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟ ಉಪನ್ಯಾಸಗಳನ್ನು ಸಾರ್ವಜನಿಕರಿಗೆ ಸಿಕ್ಕದಂತೆ ಮಾಡಿತು. ಕೋಪ ಬಂದ ಜಮೀನುದಾರ ಕೆರೆಯ ತೂಬನ್ನೇ ಮುಚ್ಚಿದ ಹಾಗೆ! ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜನ ಬಿಡಲಿಲ್ಲ, ೨೦೨೨ರಲ್ಲಿ ಅದೇ ಬರ್ಕ್ಲಿ ತನ್ನ ಗಣಕಜಾಲದ ಪಾಠಗಳನ್ನು ಅಂಗವಿಕಲರಿಗೆ ನಿಲುಕುವಂತೆ ಮಾಡಲು ನ್ಯಾಯ ಇಲಾಖೆಯೊಡನೆ ಒಪ್ಪಂದಕ್ಕೆ ಬರಬೇಕಾಯಿತು. ಹಾರ್ವರ್ಡ್ ೨೦೧೯ರಲ್ಲಿ, ಎಂಐಟಿ ೨೦೨೦ರಲ್ಲಿ, ಕಿವುಡರ ಸಂಘ ೨೦೧೫ರಲ್ಲಿ ಹೂಡಿದ ದಾವೆಗಳಿಗೆ ಮಣಿದು ಉಪನ್ಯಾಸಗಳಿಗೆ ಬರಹ ಹಾಕಲು ಒಪ್ಪಿದುವು. ಅಲ್ಲಿನ ಶ್ರೀಮಂತ ವಿಶ್ವವಿದ್ಯಾಲಯಗಳೂ ತಾವಾಗಿ ಕೊಡಲಿಲ್ಲವೆಂಬುದನ್ನು ನಮ್ಮವರು ನೆನಪಿಡಬೇಕು.

ನಮ್ಮ ಸಂಗಾತಿಗಳಲ್ಲಿಯೇ ಕೆಲವರು ಕೇಳುತ್ತಾರೆ: ಬಗರ್‌ಹುಕುಂ ಅರ್ಜಿಗಳು ಕೊಳೆಯುತ್ತಿವೆ, ಅಡಿಕೆಯ ಬೆಲೆ ಏರಿಳಿಯುತ್ತಿದೆ, ಕೂಲಿಯ ಪ್ರಶ್ನೆ ಉಂಟು; ಈ ನಡುವೆ ಜಾಲತಾಣದ ಗುಂಡಿಗಳ ವಿಷಯ ಪಕ್ಷಕ್ಕೇಕೆ? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗಣಪತಿಯಪ್ಪನವರ ನೇತೃತ್ವದಲ್ಲಿ ಗೇಣಿದಾರರು ಎದ್ದುನಿಂತಾಗ ಕಿಡಿ ಹೊತ್ತಿದ್ದು ಏತರಿಂದ? ಕೊಳಗದಿಂದ. ಗೇಣಿಯ ಭತ್ತ ಅಳೆಯುವ ಕೊಳಗ ಅಳತೆಗಿಂತ ದೊಡ್ಡದಿತ್ತು; ಸರಿಯಾದ ಕೊಳಗದಲ್ಲಿ ಅಳೆಯಿರೆಂದು ಕೇಳಿದರು. ಪಟ್ಟಣದ ಬುದ್ಧಿವಂತರಿಗೆ ಅದೂ ಒಂದು ಪಾತ್ರೆಯ ಜಗಳವಾಗಿಯೇ ಕಂಡಿದ್ದೀತು. ಆ ಪಾತ್ರೆಯ ಜಗಳಕ್ಕಾಗಿ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು ಅದನ್ನು ವಿಧಾನಸಭೆಯವರೆಗೆ ಒಯ್ದರು. ಅಳತೆಯ ಪಾತ್ರೆಯನ್ನು ಯಾರು ತಯಾರಿಸುತ್ತಾರೋ ಫಸಲು ಅವರದು. ಇಂದಿನ ಅಳತೆಯ ಪಾತ್ರೆಯೆಂದರೆ ಈ ಅರ್ಜಿಯ ಪುಟ. ಅದನ್ನು ತಯಾರಿಸಿದವರು ಯಾರು? ಹಳ್ಳಿಯ ವಿದ್ಯಾರ್ಥಿಯನ್ನಾಗಲಿ ಅಂಧ ವಿದ್ಯಾರ್ಥಿಯನ್ನಾಗಲಿ ಒಂದು ಮಾತೂ ಕೇಳದ ಗುತ್ತಿಗೆ ಕಂಪನಿ. ಒಪ್ಪಿಗೆ ಕೊಟ್ಟವರು ಯಾರು? ತಾವೆಂದೂ ಆ ಅರ್ಜಿಯನ್ನು ತುಂಬಬೇಕಾಗಿಲ್ಲದ ಸಮಿತಿ. ಇದು ಗೇಣಿಯ ಪ್ರಶ್ನೆಗೆ ದಾಯಾದಿಯಾದ ಪ್ರಶ್ನೆಯೇ.

ಆದುದರಿಂದ ನಾವು ಕೇಳುತ್ತಿರುವುದು ದಯೆಯನ್ನಲ್ಲ, ಹೊಸ ಬಣ್ಣದ ಮುಖಪುಟವನ್ನೂ ಅಲ್ಲ. ಹೊಸ ಜಾಲತಾಣಕ್ಕೆ ಟೆಂಡರು ಕರೆಯುವ ಮುಂಚೆ ಸಿಂಡಿಕೇಟು ಇದ್ದ ಜಾಲತಾಣದ ಪರೀಕ್ಷೆ ನಡೆಸಲಿ. ಪರೀಕ್ಷಕರು ಅಂಧ, ಕಿವುಡ, ಅಂಗವಿಕಲ ವಿದ್ಯಾರ್ಥಿಗಳೂ ದೂರದ ಹಳ್ಳಿಗಳ ಬಡ ವಿದ್ಯಾರ್ಥಿಗಳೂ ಆಗಿರಲಿ. ಅವರ ಕೆಲಸಕ್ಕೆ ಕೂಲಿ ಕೊಡಲಿ. ಅರ್ಜಿ, ಶುಲ್ಕ, ಫಲಿತಾಂಶ, ದೂರು, ಈ ನಾಲ್ಕು ಮುಖಪುಟದ ಮೇಲ್ಗಡೆ ಕನ್ನಡದಲ್ಲಿ ಇರಲಿ. ಶಾಲು ಹೊದಿಸುವ ಚಿತ್ರಗಳು ಒಳಮನೆಗೆ ಹೋಗಲಿ. ಯಾವುದು ಇನ್ನೂ ಸರಿಯಾಗಿಲ್ಲ, ಎಂದು ಸರಿಯಾಗುತ್ತದೆ ಎಂಬುದನ್ನು ವಿಶ್ವವಿದ್ಯಾಲಯವೇ ಬರೆದು ಪ್ರಕಟಿಸಲಿ; ಬ್ರಿಟನ್ನಿನ ಸಾರ್ವಜನಿಕ ಸಂಸ್ಥೆಗಳಿಗೆ ೨೦೧೮ರ ನಿಯಮದಿಂದ ಅದು ಕಡ್ಡಾಯವಾಗಿದೆ. ಕ್ಯಾಪ್ಚಾ ನಾಳೆಯೇ ಹೋಗಲಿ. ಯಂತ್ರ ಕೆಟ್ಟ ದಿನ ಕಾಗದದ ಅರ್ಜಿ ತೆಗೆದುಕೊಳ್ಳಲು ಕೌಂಟರಿನಲ್ಲಿ ಒಬ್ಬ ಮನುಷ್ಯ ಇರಲಿ. ಅವನು ಸಿಡುಕನಾಗಿದ್ದರೂ ನಾವು ಸಹಿಸಿಕೊಳ್ಳುತ್ತೇವೆ.

ಕೇಳದೆ ಹೋದರೆ? ೨೦೧೬ರ ಅಧಿನಿಯಮದ ೮೯ನೆಯ ಕಲಮಿನಂತೆ ಮೊದಲ ಉಲ್ಲಂಘನೆಗೆ ಹತ್ತು ಸಾವಿರ ರೂಪಾಯಿಯವರೆಗೆ, ಮುಂದಿನವುಗಳಿಗೆ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದಂತೆ ಐದು ಲಕ್ಷದವರೆಗೆ ದಂಡವಿದೆ. ದೂರು ಕೇಳಲು ರಾಜ್ಯದ ಆಯುಕ್ತರಿದ್ದಾರೆ. ದೂರಿನ ನಮೂನೆಯನ್ನು ಕನ್ನಡದಲ್ಲಿ, ಯೂನಿಕೋಡಿನಲ್ಲಿ, ಓದುವ ತಂತ್ರಾಂಶಕ್ಕೆ ನಿಲುಕುವಂತೆ ಸಿದ್ಧಪಡಿಸಿ ಪಕ್ಷದ ತಾಲ್ಲೂಕು ಕಾರ್ಯದರ್ಶಿಗಳಿಗೆ ಕಳುಹಿಸಲಾಗಿದೆ. ಅರ್ಜಿ ತುಂಬಲಾಗದೆ ಸೀಟು ಕಳೆದುಕೊಂಡವರು, ಸುತ್ತೋಲೆ ಓದಲಾಗದೆ ಪರೀಕ್ಷೆ ತಪ್ಪಿಸಿಕೊಂಡವರು, ಸೈಬರ್ ಅಂಗಡಿಗೆ ತೆತ್ತ ಹಣದ ಲೆಕ್ಕ ಇಟ್ಟವರು ತಮ್ಮ ನೋಂದಣಿ ಸಂಖ್ಯೆ, ದಿನಾಂಕ, ಸಾಧ್ಯವಿದ್ದರೆ ಆ ಪುಟದ ಪ್ರತಿಯೊಡನೆ ಅವರನ್ನು ಕಾಣಬೇಕು. ಬರಲಾಗದವರು ಅಂಚೆಯಲ್ಲಿ ಬರೆದರೂ ಸಾಕು. ಬ್ರೈಲಿನಲ್ಲಿ ಬರೆದದ್ದನ್ನೂ ಸ್ವೀಕರಿಸಲಾಗುವುದು.